ಆಳವಿಲ್ಲದ ಹವಳದ ದಿಬ್ಬ ಮತ್ತು ಓದದೆ ಹಾಕಿದ ಸಹಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯೂ ಸೇರಿದಂತೆ ಕನ್ನಡದ ಹಲವು ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ಈಚಿನ ಕೆಲವು ವರ್ಷಗಳಿಂದ ಸ್ಕೂಬಾ ಡೈವಿಂಗ್ ಕುರಿತ ಬರಹಗಳು ಮತ್ತೆ ಮತ್ತೆ ಬರುತ್ತಿವೆ. ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪ, ಅಂಡಮಾನಿನ ಸ್ವರಾಜ್ ದ್ವೀಪ, ಲಕ್ಷದ್ವೀಪದ ಹವಳದ ಖಾರಿಗಳು ಇವೆಲ್ಲ ನಮ್ಮ ಮೈಸೂರು, ಮಂಡ್ಯದ ಮನೆಗಳ ಮಾತುಕತೆಗೆ ಬಂದಿರುವುದು ಸಂತೋಷದ ವಿಷಯವೇ. ಆದರೆ ಈ ಬರಹಗಳಲ್ಲಿ ಎರಡು ಮಾತುಗಳು ತಪ್ಪದೆ ಮರುಕಳಿಸುತ್ತವೆ: ಮುಳುಗುವವರ ಬೆನ್ನಿಗೆ ಆಮ್ಲಜನಕದ ಸಿಲಿಂಡರ್ ಕಟ್ಟುತ್ತಾರೆ ಎಂಬುದು ಒಂದು, ಆಳ ಹೆಚ್ಚಿಲ್ಲವಾದ್ದರಿಂದ ಈಜು ಬಾರದವರೂ ನಿಶ್ಚಿಂತೆಯಾಗಿ ಇಳಿಯಬಹುದು ಎಂಬುದು ಇನ್ನೊಂದು. ಮೊದಲನೆಯದು ಪೂರ್ತಿ ತಪ್ಪು. ಎರಡನೆಯದು ಅರ್ಧ ನಿಜ. ಆ ಉಳಿದರ್ಧಕ್ಕೆ ನನ್ನ ಎಡಗಿವಿ ಬೆಲೆ ತೆತ್ತಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಸಿಲಿಂಡರಿನ ವಿಷಯ ಮುಗಿಸಿಬಿಡುತ್ತೇನೆ. ಪ್ರವಾಸಿಗರ ಬೆನ್ನಿಗೆ ಕಟ್ಟುವ ಸಿಲಿಂಡರಿನಲ್ಲಿ ಇರುವುದು ನಾವು ನೀವು ಉಸಿರಾಡುವ ಸಾಮಾನ್ಯ ಗಾಳಿ, ಅಂದರೆ ಶೇಕಡ 78 ಸಾರಜನಕ, ಶೇಕಡ 21 ಆಮ್ಲಜನಕ. ಅದನ್ನು ಶೋಧಿಸಿ, ತೇವ ತೆಗೆದು, ವಾತಾವರಣದ ಒತ್ತಡದ ಸುಮಾರು 200 ಪಟ್ಟಿಗೆ ಅದುಮಿ ತುಂಬಿರುತ್ತಾರೆ. ಹನ್ನೊಂದು ಲೀಟರ್ ಹಿಡಿಸುವ ಸಾಮಾನ್ಯ ಸಿಲಿಂಡರಿನಲ್ಲಿ ಹೀಗೆ ಎರಡು ಸಾವಿರ ಲೀಟರಿಗೂ ಹೆಚ್ಚು ಗಾಳಿ ಅಡಗಿರುತ್ತದೆ. ಶುದ್ಧ ಆಮ್ಲಜನಕವನ್ನೇ ತುಂಬಿ ಇಳಿಸಿದರೆ ಆರು ಮೀಟರಿನಿಂದ ಕೆಳಗೆ ಅದು ದೇಹಕ್ಕೆ ವಿಷವಾಗಿ ಪರಿಣಮಿಸಿ, ನೀರೊಳಗೇ ಅಪಸ್ಮಾರದಂತೆ ಮೈ ಸೆಟೆದು ಮನುಷ್ಯ ಸಾಯಬಹುದು. ಆದ್ದರಿಂದ ಇದನ್ನು ಕೇವಲ ಪದದ ತಕರಾರು ಎಂದು ತಾವು ಭಾವಿಸಬಾರದು. ‘ಗಾಳಿಯ ಸಿಲಿಂಡರ್’ ಎಂದು ಬರೆದರೆ ಅಕ್ಷರವೇನೂ ಹೆಚ್ಚು ಖರ್ಚಾಗುವುದಿಲ್ಲ.

ಇನ್ನು ಆಳದ ಮಾತು. ನಾನು ಹುಟ್ಟಿ ಬೆಳೆದದ್ದು ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಬೆನ್ನಿಗೆ ಸೋರೆ ಬುರುಡೆ ಕಟ್ಟಿ ಬಾವಿಗೆ ತಳ್ಳಿ ಈಜು ಕಲಿಸುತ್ತಿದ್ದ ಕಾಲ ಅದು. ಸ್ವಲ್ಪ ದೊಡ್ಡವರಾದ ಮೇಲೆ ವಿಶ್ವೇಶ್ವರಯ್ಯ ನಾಲೆಯಲ್ಲಿ ಬಿದ್ದು ಏಳುತ್ತಿದ್ದೆವು. ನೀರೊಳಗೆ ಮುಳುಗಿ, ಉಸಿರು ಕಟ್ಟಿ, ಯಾರು ಹೆಚ್ಚು ಹೊತ್ತು ಇರುತ್ತಾರೆ ಎಂದು ದಡದಲ್ಲಿ ಕುಳಿತವರು ಎಣಿಸುತ್ತಿದ್ದರು. ಆ ಪಂದ್ಯದಲ್ಲಿ ನಾನು ಸೋತದ್ದು ಕಡಿಮೆ. ಮುಂದೆ ಮೂವತ್ತು ವರ್ಷ ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದೆ. ಈಜೂ ಗೊತ್ತು, ಒತ್ತಡದ ಲೆಕ್ಕವೂ ಗೊತ್ತು ಎಂಬ ಎರಡೆರಡು ಧೈರ್ಯ ಸೇರಿದ್ದರಿಂದಲೇ ಮೋಸಹೋದೆ ಎಂದು ಈಗ ಅನ್ನಿಸುತ್ತದೆ.

ನಿವೃತ್ತಿಯ ಮರುವರ್ಷ ಮನೆಯವರೊಂದಿಗೆ ರಜೆಗೆಂದು ಒಂದು ಕಡಲೂರಿಗೆ ಹೋಗಿದ್ದಾಗ ಮೊದಲ ಬಾರಿ ಸ್ಕೂಬಾಕ್ಕೆ ಇಳಿದೆ. ಊರನ್ನಾಗಲೀ ಕರೆದೊಯ್ದವರನ್ನಾಗಲೀ ಹೆಸರಿಸುವುದು ನನ್ನ ಉದ್ದೇಶವಲ್ಲ. ಬೆಳಗಿನ ಏಳು ಗಂಟೆಗೆ, ದೋಣಿ ಹೊರಡುವ ಗಡಿಬಿಡಿಯಲ್ಲಿ, ಎರಡು ಪುಟದ ಇಂಗ್ಲಿಷ್ ನಮೂನೆಯೊಂದನ್ನು ಎಲ್ಲರ ಕೈಗೂ ಕೊಟ್ಟು, ಸಹಿ ಹಾಕಬೇಕಾದ ಜಾಗವನ್ನು ಬೆರಳಿನಿಂದ ತೋರಿಸಿದರು. ಅಕ್ಷರ ಇರುವೆಯಷ್ಟು ಚಿಕ್ಕದು, ಕನ್ನಡಕ ಚೀಲದೊಳಗೆ. ನಾನು ಸಹಿ ಹಾಕಿದೆ. ನನ್ನ ಪಕ್ಕದಲ್ಲಿದ್ದ ಮದ್ದೂರಿನ ಕಡೆಯ ಒಂದು ಕುಟುಂಬದವರಂತೂ ಅದು ದೋಣಿಯ ಟಿಕೆಟ್ಟಿನ ರಸೀದಿ ಎಂದೇ ತಿಳಿದು ಸಹಿ ಮಾಡಿದರು. ಹಿಂದಿನ ಎರಡು ದಿನಗಳಿಂದ ನನಗೆ ನೆಗಡಿಯಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ನಮೂನೆಯಲ್ಲಿ ನೆಗಡಿ, ಕಿವಿಯ ತೊಂದರೆ, ಉಬ್ಬಸ, ಹೃದ್ರೋಗ, ಬಸಿರು ಇವನ್ನೆಲ್ಲ ಸಾಲಾಗಿ ಕೇಳಿದ್ದರೆಂದು ತಿಳಿದದ್ದು ಊರಿಗೆ ಮರಳಿದ ಮೇಲೆ, ಫೋಟೊ ತೆಗೆದಿಟ್ಟುಕೊಂಡಿದ್ದ ಪ್ರತಿಯನ್ನು ದೊಡ್ಡದು ಮಾಡಿ ಓದಿದಾಗ.

ನೀರಿಗಿಳಿದು ಮೂರು ಮೀಟರ್ ಆಗಿರಬಹುದು, ಎಡಗಿವಿಯೊಳಗೆ ಯಾರೋ ಹೆಬ್ಬೆರಳಿಟ್ಟು ಅದುಮಿದಂತಾಯಿತು. ಮೂಗು ಹಿಡಿದು ಊದಬೇಕೆಂದು ದೋಣಿಯಲ್ಲಿ ಹೇಳಿದ್ದರು, ಊದಿದೆ. ಬಲಗಿವಿ ಪಟ್ಟೆಂದು ಬಿಟ್ಟುಕೊಂಡಿತು, ಎಡಗಿವಿ ಬಿಡಲಿಲ್ಲ. ನನ್ನನ್ನು ಹಿಡಿದಿದ್ದ ಹುಡುಗನಿಗೆ ಇನ್ನೂ ಮೂವರ ಸರದಿ ಕಾದಿತ್ತು, ಅವನು ಕೆಳಕ್ಕೇ ಕರೆದೊಯ್ದ. ಆರು ಮೀಟರಿನ ತಳದಲ್ಲಿ ಹತ್ತು ನಿಮಿಷ ಹಲ್ಲುಕಚ್ಚಿ ಇದ್ದು ಮೇಲೆ ಬಂದಾಗ ಕಣ್ಣು, ಮೂಗು ಮುಚ್ಚುವ ಗಾಜಿನ ಮಾಸ್ಕಿನೊಳಗೆ ರಕ್ತ ಬೆರೆತ ಸಿಂಬಳವಿತ್ತು. ಮೈಸೂರಿನ ಕಿವಿ-ಮೂಗು-ಗಂಟಲು ವೈದ್ಯರೊಬ್ಬರು ಕಿವಿಯೊಳಗೆ ದೀಪ ಹಾಕಿ ನೋಡಿ, ತಮಟೆ ಹರಿದಿಲ್ಲ, ಅದರ ಹಿಂದೆ ರಕ್ತ ಕಟ್ಟಿದೆ ಎಂದರು. ಮೂರು ವಾರ ಎಡಗಿವಿಗೆ ಲೋಕವೆಲ್ಲ ಗೋಡೆಯಾಚೆಯಿಂದ ಮಾತನಾಡುತ್ತಿತ್ತು.

ಆರೇ ಮೀಟರಿಗೆ ಹೀಗೇಕಾಯಿತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಪ್ರವಾಸ ಪುಟಗಳು ಬಿಟ್ಟುಬಿಡುವುದು ಇದನ್ನೇ. ಶಿರಾಡಿ ಘಾಟಿ ಇಳಿಯುವಾಗ ಬಸ್ಸಿನಲ್ಲಿ ಕಿವಿ ಗವ್ವೆನ್ನುವುದು, ಉಗುಳು ನುಂಗಿದರೆ ಬಿಟ್ಟುಕೊಳ್ಳುವುದು ನಮಗೆಲ್ಲ ಗೊತ್ತಿರುವ ಅನುಭವ. ಇಡೀ ಘಾಟಿ ಇಳಿದು ಬಯಲಿಗೆ ಬಂದರೂ ಗಾಳಿಯ ಒತ್ತಡ ಹೆಚ್ಚುವುದು ಸುಮಾರು ಹತ್ತನೇ ಒಂದು ಭಾಗ ಮಾತ್ರ. ಸಮುದ್ರದಲ್ಲಿ ಅಷ್ಟೇ ಹೆಚ್ಚಳಕ್ಕೆ ಒಂದು ಮೀಟರ್ ಇಳಿದರೆ ಸಾಕು! ಅಂದರೆ ಆರು ಮೀಟರ್ ಇಳಿಯುವವನ ಕಿವಿ ಎರಡು ಮೂರು ನಿಮಿಷದಲ್ಲಿ ಆರು ಘಾಟಿ ಇಳಿದಂತೆ. ಕಿವಿಯ ಒಳಭಾಗದಿಂದ ಗಂಟಲಿನ ಮೇಲ್ಭಾಗಕ್ಕೆ ಹೋಗುವ ಸಣ್ಣ ನಳಿಕೆಯ ಮೂಲಕ ಗಾಳಿ ಒಳಹೋಗಿ ಒತ್ತಡ ಸರಿದೂಗಬೇಕು. ನೆಗಡಿಯಲ್ಲಿ ಆ ನಳಿಕೆ ಊದಿಕೊಂಡು ಮುಚ್ಚಿರುತ್ತದೆ. ಆಗ ಎಷ್ಟು ಊದಿದರೂ ಅಷ್ಟೇ, ಮೇಲೆ ಬರುವುದೊಂದೇ ದಾರಿ.

ಇದಕ್ಕಿಂತ ಮುಖ್ಯವಾದದ್ದು ಉಸಿರಿನ ಮಾತು. 1662ರಲ್ಲಿ ಬಾಯ್ಲ್ ಪ್ರಕಟಿಸಿದ ನಿಯಮದಂತೆ ಒತ್ತಡ ಇಮ್ಮಡಿಯಾದರೆ ಗಾಳಿಯ ಗಾತ್ರ ಅರ್ಧವಾಗುತ್ತದೆ. ಸಮುದ್ರದ ಮೇಲ್ಮೈಯಲ್ಲಿ ಒಂದು ವಾತಾವರಣದ ಒತ್ತಡ, ಹತ್ತು ಮೀಟರಿಗೆ ಎರಡು, ಇಪ್ಪತ್ತಕ್ಕೆ ಮೂರು, ಮೂವತ್ತಕ್ಕೆ ನಾಲ್ಕು. ಮೂವತ್ತು ಮೀಟರಿನಿಂದ ಇಪ್ಪತ್ತಕ್ಕೆ ಏರುವವನ ಎದೆಯೊಳಗಿನ ಗಾಳಿ ಮೂರನೇ ಒಂದರಷ್ಟು ಹಿಗ್ಗಿದರೆ, ಹತ್ತು ಮೀಟರಿನಿಂದ ಮೇಲಕ್ಕೆ ಬರುವವನ ಎದೆಯೊಳಗಿನ ಗಾಳಿ ಇಮ್ಮಡಿಯಾಗುತ್ತದೆ. ಏರುವುದು ಎರಡು ಕಡೆಯೂ ಅದೇ ಹತ್ತು ಮೀಟರ್. ಹೊಸಬರಿಗೆಂದು ಆರಿಸಿದ, ಐದರಿಂದ ಹತ್ತು ಮೀಟರಿನ ಹವಳದ ದಿಬ್ಬವೇ ಹೀಗೆ ಎದೆಯೊಳಗಿನ ಗಾಳಿಯ ಗಾತ್ರ ಅತಿ ವೇಗವಾಗಿ ಹಿಗ್ಗಿ ಕುಗ್ಗುವ ಜಾಗ. ನಾಲೆಯಲ್ಲಿ ಉಸಿರು ಕಟ್ಟಿ ಮುಳುಗುವ ಹುಡುಗ ಮೇಲಿನ ಗಾಳಿಯನ್ನೇ ಎದೆಯಲ್ಲಿ ಕೊಂಡೊಯ್ದು ಅದನ್ನೇ ಮರಳಿ ತರುವುದರಿಂದ ಅವನ ಶ್ವಾಸಕೋಶ ಮೊದಲಿಗಿಂತ ಹಿಗ್ಗುವ ಪ್ರಶ್ನೆಯೇ ಇಲ್ಲ. ಆದರೆ ಸಿಲಿಂಡರಿನಿಂದ ಕೆಳಗಡೆಯೇ ಎದೆತುಂಬ ಎಳೆದುಕೊಂಡ ಗಾಳಿಯನ್ನು ಗಾಬರಿಯಲ್ಲಿ ಕಟ್ಟಿಹಿಡಿದು ಮೇಲಕ್ಕೆ ಚಿಮ್ಮಿದರೆ, ಒಂದೂವರೆ ಮೀಟರ್ ಏರಿಕೆಯಲ್ಲೂ ಶ್ವಾಸಕೋಶ ಹರಿಯುವ ಅಪಾಯವುಂಟು. ಸ್ಕೂಬಾದ ಮೊದಲ ಪಾಠ ‘ಉಸಿರು ಕಟ್ಟಬೇಡ’ ಎಂಬುದಕ್ಕೆ ಕಾರಣ ಇದೇ. ನೀರು ಕಂಡೊಡನೆ ಉಸಿರು ಕಟ್ಟುವುದು ಈಜು ಬಲ್ಲವರ ಮೈಗೆ ಅಂಟಿದ ಚಾಳಿ. ಈ ಒಂದು ವಿಷಯದಲ್ಲಿ ನಮ್ಮ ಕೆರೆ, ನಾಲೆಗಳ ಶೂರರಿಗಿಂತ ಈಜು ಬಾರದವರೇ ಬೇಗ ಕಲಿಯಬಹುದೇನೋ.

ಇಷ್ಟೆಲ್ಲ ಹೇಳಿ ಯಾರನ್ನೂ ಹೆದರಿಸಿ ದಡದಲ್ಲೇ ಕೂರಿಸುವುದು ನನ್ನ ಇಚ್ಛೆಯಲ್ಲ. ಎರಡು ವರ್ಷದ ಬಳಿಕ ಮಗಳ ಒತ್ತಾಯಕ್ಕೆ ಮಣಿದು ಸ್ವರಾಜ್ ದ್ವೀಪಕ್ಕೆ, ಅಂದರೆ 2018ರ ಕೊನೆಯವರೆಗೂ ಹ್ಯಾವ್ಲಾಕ್ ಎಂದು ಕರೆಸಿಕೊಂಡಿದ್ದ ಅಂಡಮಾನಿನ ದ್ವೀಪಕ್ಕೆ ಹೋದೆ. ಅಲ್ಲಿ ಕಲಿಸಿದ ತರುಣ ಹಿಂದಿನ ಸಂಜೆಯೇ ನಮ್ಮನ್ನು ಕೂರಿಸಿಕೊಂಡು ನಮೂನೆಯ ಒಂದೊಂದು ಪ್ರಶ್ನೆಯನ್ನೂ ಬಾಯಲ್ಲಿ ಓದಿ ಕೇಳಿದ. ನನ್ನ ಕಿವಿಯ ಕಥೆ ಕೇಳಿ, ಮೈಸೂರಿನ ವೈದ್ಯರು ಬರೆದುಕೊಟ್ಟಿದ್ದ ಚೀಟಿಯನ್ನು ನೋಡುವವರೆಗೂ ಒಪ್ಪಲಿಲ್ಲ. ಮರುದಿನ ಎದೆಮಟ್ಟದ ನೀರಿನಲ್ಲಿ ಮುಕ್ಕಾಲು ಗಂಟೆ ಮಂಡಿಯೂರಿಸಿ, ಸಿಲಿಂಡರಿನ ಗಾಳಿಯನ್ನು ಉಸಿರಿಗೆ ಒದಗಿಸುವ ರೆಗ್ಯುಲೇಟರನ್ನು ಬಾಯಿಂದ ತೆಗೆದು ಮತ್ತೆ ಹಾಕಿಕೊಳ್ಳುವುದು, ಮಾಸ್ಕಿಗೆ ನುಗ್ಗಿದ ನೀರನ್ನು ಮೂಗಿನಿಂದ ಊದಿ ಹೊರಹಾಕುವುದು, ನೋವು ಬರುವ ಮೊದಲೇ ಕಿವಿ ಬಿಡಿಸಿಕೊಳ್ಳುವುದು ಇವನ್ನು ಮಾಡಿಸಿದ. ಕೈಸನ್ನೆಗಳಲ್ಲಿ ನಾನು ಎರಡು ಸಲ ಎಡವಿದೆ. ಚೆನ್ನಾಗಿದ್ದೇನೆ ಎನ್ನಲು ನಾವು ಹೆಬ್ಬೆರಳು ಎತ್ತುತ್ತೇವಷ್ಟೆ. ನೀರೊಳಗೆ ಅದರ ಅರ್ಥ ‘ಮೇಲೆ ಹೋಗೋಣ’. ಚೆನ್ನಾಗಿದ್ದರೆ ಹೆಬ್ಬೆರಳು, ತೋರುಬೆರಳು ಕೂಡಿಸಿ ಸೊನ್ನೆ ತೋರಿಸಬೇಕು. ಎರಡು ಸಲವೂ ಆತ ನನ್ನನ್ನು ಗಂಭೀರವಾಗಿ ಮೇಲಕ್ಕೆ ತಂದು, ‘ಏನಾಯಿತು ಸರ್?’ ಎಂದು ಕೇಳಿದ.

ಆಮೇಲೆ ಎಂಟು ಮೀಟರಿನಲ್ಲಿ ಕಂಡದ್ದನ್ನು ಹೇಳದಿದ್ದರೆ ಈ ಪತ್ರ ಬರಿಯ ದೂರಾಗಿಬಿಡುತ್ತದೆ. ಚಾಮುಂಡಿ ಬೆಟ್ಟದಲ್ಲಿ ಕಟ್ಟಿಸಿಕೊಂಡಿದ್ದ ಮಣಿಕಟ್ಟಿನ ಕೆಂಪು ದಾರ ಅಲ್ಲಿ ಮಾಸಲು ಕಂದಾಗಿತ್ತು. ಬೆಳಕಿನಲ್ಲಿ ನೀರು ಮೊದಲು ನುಂಗುವುದು ಕೆಂಪನ್ನೇ. ಮಾಸ್ಕಿನ ಗಾಜಿನಿಂದಾಚೆ ಎಲ್ಲವೂ ಮೂರನೇ ಒಂದರಷ್ಟು ದೊಡ್ಡದಾಗಿ, ಕೈಗೆ ಇನ್ನಷ್ಟು ಹತ್ತಿರವಾಗಿ ಕಾಣುವುದರಿಂದ, ಅಂಗೈ ಉದ್ದದ ಮೀನೊಂದನ್ನು ಮೊಳದುದ್ದವೆಂದು ಮಗಳಿಗೆ ವರ್ಣಿಸಿ ನಗೆಗೀಡಾದೆ. ಗ್ರಹಣಾಂಗಗಳನ್ನು ಚಾಚಿ ಓಲಾಡುತ್ತಿದ್ದ ಕಡಲ ಹೂವಿನೊಳಗೆ ಬಿಳಿ ಪಟ್ಟೆಯ ಕಿತ್ತಳೆ ಬಣ್ಣದ ಮೀನುಗಳೆರಡು ಸೇರಿಕೊಂಡು, ನನ್ನ ಕಡೆಗೆ ಬಂದು ಬಂದು ಗದರಿಸಿ ಹಿಂದಿರುಗುತ್ತಿದ್ದವು. ಎಲ್ಲಿಂದಲೋ ಹುರಿಗಡಲೆ ಕಡಿಯುವ ಸದ್ದು. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಸಾಗುವುದರಿಂದ ಯಾವ ದಿಕ್ಕಿನದೆಂದು ತಿಳಿಯುವುದಿಲ್ಲ. ಸುತ್ತಲೂ ನೋಡಿದ ಮೇಲೆ ಕಂಡದ್ದು ಹಸಿರು-ನೀಲಿ ಬಣ್ಣದ ಗಿಳಿಮೀನು. ಗಿಳಿಯ ಕೊಕ್ಕಿನಂತಹ ಹಲ್ಲಿನಿಂದ ಸತ್ತ ಹವಳದ ಮೇಲಿನ ಪಾಚಿಯನ್ನು ಕಲ್ಲುಸಮೇತ ಕೆರೆದು ತಿಂದು, ಅರೆದು, ಮರಳಾಗಿ ಹಿಂದೆ ಬಿಡುತ್ತ ಹೋಗುತ್ತಿತ್ತು. ಪ್ರವಾಸಿಗರು ಮನಸೋಲುವ ಆ ಬೆಳ್ಳನೆಯ ಮರಳಿನ ಒಂದು ಪಾಲು ಹೀಗೆ ಮೀನಿನ ಹೊಟ್ಟೆಯಿಂದ ಬಂದದ್ದು.

ಹವಳದ ಮಾತಿಗೆ ಬಂದರೆ, ಆಳವಿಲ್ಲದ ದಿಬ್ಬದಲ್ಲಿ ಅಪಾಯ ಎರಡೂ ಕಡೆಗಿದೆ. ನಾವು ಕಲ್ಲೆಂದೋ ಗಿಡವೆಂದೋ ಭಾವಿಸುವ ಹವಳ ಪ್ರಾಣಿ. ಸಣ್ಣ ಸಣ್ಣ ಜೀವಿಗಳು ಸುಣ್ಣದ ಗೂಡು ಕಟ್ಟಿಕೊಂಡು ಒಟ್ಟಾಗಿ ಬಾಳುವ ಊರು ಅದು. ಅವುಗಳ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಗಳು ಬಿಸಿಲಿನಿಂದ ತಯಾರಿಸುವ ಆಹಾರವೇ ಅವುಗಳಿಗೆ ಮುಖ್ಯ ಆಧಾರವಾದ್ದರಿಂದ ಹವಳ ಸೊಂಪಾಗಿ ಬೆಳೆಯುವುದು ಬೆಳಕು ಬೀಳುವ ಆಳವಿಲ್ಲದ ನೀರಿನಲ್ಲಿ, ಅಂದರೆ ಹೊಸಬರನ್ನು ಇಳಿಸುವ ಜಾಗದಲ್ಲೇ. ಗುಂಡುಕಲ್ಲಿನಂತೆ ಬೆಳೆಯುವ ಜಾತಿಗಳು ವರ್ಷಕ್ಕೆ ಹಿಗ್ಗುವುದು ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್. ತೇಲುವಿಕೆಯ ಹದ ಗೊತ್ತಿಲ್ಲದ ಪ್ರವಾಸಿಯೊಬ್ಬ ಫೋಟೊಕ್ಕೆಂದು ಅದರ ಮೇಲೆ ಕಾಲೂರಿದರೆ, ಅಥವಾ ಪಾದಕ್ಕೆ ತೊಟ್ಟ ಈಜುರೆಕ್ಕೆ, ಅಂದರೆ ಫಿನ್ ಬಡಿದು ಮರಳೆಬ್ಬಿಸಿ ಅದರ ಮೇಲೆ ಹೊದಿಸಿದರೆ, ಹಲವು ವರ್ಷಗಳ ಬೆಳವಣಿಗೆ ಅರೆಗಳಿಗೆಯಲ್ಲಿ ಹೋಗುತ್ತದೆ. ನನ್ನ ಎಡಗಾಲಿನ ಫಿನ್ ಒಂದು ಕವಲು ಹವಳಕ್ಕೆ ತಗುಲಿ ಕಿರುಬೆರಳಿನಷ್ಟು ತುಂಡು ಮುರಿದು ಬಿದ್ದುದನ್ನು ನಾನೇ ಕಂಡೆ. ಕಲಿಸಿದ ತರುಣ ಅದನ್ನು ಮುಟ್ಟಲೂ ಬಿಡಲಿಲ್ಲ. ಮೇಲೆ ಬಂದ ಮೇಲೆ, ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯ ರಕ್ಷಣೆ ಇದೆ, ತುಂಡನ್ನು ಜೇಬಿಗೆ ಹಾಕಿಕೊಂಡರೂ ಅಪರಾಧ ಎಂದು ತಿಳಿಸಿದ. ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ 2001ರಿಂದ ಇದೆ ಎಂಬುದು ಬಂಡೀಪುರ, ನಾಗರಹೊಳೆಗಳ ಮಗ್ಗುಲಲ್ಲೇ ಬದುಕುವ ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಪ್ರವಾಸಿಗರ ಕಾಲ್ತುಳಿತಕ್ಕಿಂತ ದೊಡ್ಡ ಪೆಟ್ಟು ಸಮುದ್ರ ಬಿಸಿಯಾಗುವುದರಿಂದ ಬೀಳುತ್ತಿದೆ ಎಂಬುದನ್ನು ಬಲ್ಲೆ. ಬೇಸಿಗೆಯ ಗರಿಷ್ಠಕ್ಕಿಂತ ನೀರು ಒಂದು ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೆಯೇ ಉಳಿದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರದೂಡಿ ಬೆಳ್ಳಗಾಗುತ್ತದೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ, ಅಂಡಮಾನಿನಲ್ಲಿ 2010ರಲ್ಲಿ ದೊಡ್ಡ ಪ್ರಮಾಣದಲ್ಲಿ ಹೀಗಾಯಿತು. ಹಾಗೆ ಸೊರಗಿ ಚೇತರಿಸಿಕೊಳ್ಳುತ್ತಿರುವ ದಿಬ್ಬದ ಮೇಲೆ ನಾವು ಹೋಗಿ ನಿಲ್ಲುವುದು ಯಾವ ನ್ಯಾಯ?

ಇನ್ನೊಂದು ವಿಷಯ ನಮ್ಮ ಭಾಗದವರಿಗೆಂದೇ ಹೇಳಬೇಕಾದದ್ದು. ಮುಳುಗಿದ ಮೇಲೆ ಹನ್ನೆರಡು ಗಂಟೆ, ಹಲವು ಬಾರಿ ಮುಳುಗಿದ್ದರೆ ಹದಿನೆಂಟು ಗಂಟೆ ವಿಮಾನ ಹತ್ತಬಾರದೆಂದು ಎಲ್ಲ ಕಡೆಯೂ ಹೇಳುತ್ತಾರೆ. ಒತ್ತಡದಲ್ಲಿ ರಕ್ತ, ಮಾಂಸಗಳಲ್ಲಿ ಕರಗಿದ ಸಾರಜನಕ ಮೇಲಿನ ತೆಳುಗಾಳಿಯಲ್ಲಿ ಸೋಡಾ ಶೀಶೆ ತೆರೆದಂತೆ ಗುಳ್ಳೆಯಾಗಬಹುದು ಎಂಬುದೇ ಕಾರಣ. ಆದರೆ ಈ ಎಚ್ಚರಿಕೆ ಅನ್ವಯಿಸುವುದು ಸುಮಾರು 600 ಮೀಟರಿಗಿಂತ ಎತ್ತರಕ್ಕೆ, ಮತ್ತು ಮೈಸೂರು ಇರುವುದು 760 ಮೀಟರಿನ ಆಸುಪಾಸಿನಲ್ಲಿ. ಬೆಳಿಗ್ಗೆ ಕಡಲಿಗಿಳಿದು ಮಧ್ಯಾಹ್ನವೇ ಕಾರು ಹತ್ತಿ ಘಾಟಿ ಏರುವವರಿಗೂ ಅದು ಸಲ್ಲುತ್ತದೆ. ಎಂಟು ಮೀಟರಿನಲ್ಲಿ ಇಪ್ಪತ್ತು ನಿಮಿಷ ಕಳೆದವನ ಮೈಯಲ್ಲಿ ಸೇರಿದ ಸಾರಜನಕ ಅತ್ಯಲ್ಪ, ಅವನಿಗೆ ಅಪಾಯ ತೀರಾ ಕಡಿಮೆ ಎಂಬುದೂ ನಿಜ. ಆದರೂ ರಾತ್ರಿ ಕಡಲೂರಿನಲ್ಲೇ ಉಳಿದು, ಮೀನೂಟ ಮಾಡಿ ಮಲಗಿ, ಬೆಳಿಗ್ಗೆ ಹೊರಟರೆ ಕಳೆದುಕೊಳ್ಳುವುದಾದರೂ ಏನು?

ಆದ್ದರಿಂದ ನನ್ನ ಕೋರಿಕೆ ದೊಡ್ಡದಲ್ಲ. ಕರ್ನಾಟಕದ ಕರಾವಳಿಯಲ್ಲಿ ಸ್ಕೂಬಾ ನಡೆಸಲು ಅನುಮತಿ ಕೊಡುವವರು ಆರೋಗ್ಯದ ನಮೂನೆ ಕನ್ನಡದಲ್ಲೂ ಇರಬೇಕು, ಅದು ದೋಣಿ ಹತ್ತುವ ಮುನ್ನಾದಿನವೇ ಪ್ರವಾಸಿಯ ಕೈಸೇರಬೇಕು ಎಂಬ ಎರಡು ಷರತ್ತುಗಳನ್ನು ಹಾಕಲಿ. ಸಹಿ ಹಾಕಿಸಿಕೊಳ್ಳುವುದರಿಂದ ಹೊಣೆ ತಪ್ಪಿಸಿಕೊಳ್ಳಬಹುದೇ ವಿನಾ ಕಿವಿ ಉಳಿಯುವುದಿಲ್ಲ. ನಾಳೆ ನೆಗಡಿಯಿಂದಾಗಿ ಹಿಂದೆ ಸರಿಯುವವನಿಗೆ ಹಣ ಮರಳಿಸುವ ಅಥವಾ ದಿನ ಬದಲಿಸಿಕೊಡುವ ಪದ್ಧತಿಯೂ ಬೇಕು. ಕಟ್ಟಿದ ಹಣ ಹೋಗುತ್ತದೆಂಬ ಸಂಕಟಕ್ಕೇ ಎಷ್ಟೋ ಜನ ಬಾಯಿ ಮುಚ್ಚಿಕೊಂಡು ಇಳಿಯುತ್ತಾರೆ, ನಾನೂ ಅವರಲ್ಲೊಬ್ಬ. ಮೈಸೂರಿನಲ್ಲಿ ಒಳ್ಳೆಯ ಈಜುಕೊಳಗಳಿವೆ. ಸರಸ್ವತಿಪುರದ ವಿಶ್ವವಿದ್ಯಾನಿಲಯದ ಕೊಳದಂತಹ ಕಡೆ, ವಾರಕ್ಕೊಮ್ಮೆಯಾದರೂ, ಅರ್ಹ ಶಿಕ್ಷಕರ ಸಮ್ಮುಖದಲ್ಲಿ ರೆಗ್ಯುಲೇಟರಿನಿಂದ ಉಸಿರಾಡುವುದನ್ನು, ಮಾಸ್ಕಿನ ನೀರು ಊದುವುದನ್ನು, ಕಾಲಾಡಿಸದೆ ತೇಲಿ ನಿಲ್ಲುವುದನ್ನು ಕಲಿಸುವ ಏರ್ಪಾಡಾದರೆ, ಕಡಲಿಗೆ ಹೋದಾಗ ನಮ್ಮವರ ಗಾಬರಿಯೂ ಕಡಿಮೆಯಾದೀತು, ಹವಳದ ಮೇಲೆ ಬೀಳುವ ಒದೆಯೂ ಕಡಿಮೆಯಾದೀತು. ಕೊಳದ ನೀರಿನ ಮೂರು ಮೀಟರಿನಲ್ಲಿ ಬಿಟ್ಟುಕೊಳ್ಳದ ಕಿವಿ ಸಮುದ್ರದಲ್ಲೂ ಬಿಟ್ಟುಕೊಳ್ಳದು ಎಂಬುದು ಮೈಸೂರಿನಲ್ಲೇ ತಿಳಿದುಹೋಗುತ್ತದೆ.

ಮಳೆಗಾಲ ಕಳೆದು ಅಕ್ಟೋಬರ್ ಹೊತ್ತಿಗೆ ಕಡಲು ತಿಳಿಯಾಗುತ್ತಿದ್ದಂತೆ ತಮ್ಮ ಪ್ರವಾಸ ಪುಟದಲ್ಲಿ ನೇತ್ರಾಣಿಯ ಚಿತ್ರಗಳು ಮತ್ತೆ ಬರುತ್ತವೆ. ಆ ಚಿತ್ರಗಳ ಕೆಳಗೆ ಒಂದು ಚಿಕ್ಕ ಚೌಕದಲ್ಲಿ, ಮುಳುಗುವ ಮುನ್ನ ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ಕನ್ನಡದಲ್ಲಿ ಮುದ್ರಿಸಬೇಕೆಂದು ಕೇಳಿಕೊಳ್ಳುತ್ತೇನೆ. ನನ್ನ ಕಿವಿ ನೋಡಿದ ವೈದ್ಯರಿಗೆ ತೋರಿಸಿ, ತಿದ್ದಿಸಿ, ಒಂದು ಪುಟದಷ್ಟು ಬರೆದಿಟ್ಟುಕೊಂಡಿದ್ದೇನೆ. ತಾವು ಬಯಸಿದರೆ ಪತ್ರಿಕೆಯ ಮೈಸೂರು ಕಚೇರಿಗೆ ನಾನೇ ತಂದು ಕೊಡುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ,
ಕುವೆಂಪುನಗರ, ಮೈಸೂರು